ನೂರು ಮೀಟರಿನ ಹಿಂದಿನ ಹತ್ತು ವರ್ಷ

ನೂರು ಮೀಟರ್ ಓಟದ ಕಾಲವನ್ನು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅಳೆಯಲಾಗುತ್ತದೆ. ಅಂತಿಮ ಗೆರೆಯ ಬಳಿ ಸೆಕೆಂಡಿಗೆ ಹನ್ನೊಂದು ಹನ್ನೆರಡು ಮೀಟರ್ ವೇಗದಲ್ಲಿ ಧಾವಿಸುತ್ತಿರುವ ದೇಹಕ್ಕೆ ಅಂಥ ಒಂದು ಭಾಗವೆಂದರೆ ಅರ್ಧ ಗೇಣಿನಷ್ಟು ದೂರ ಮಾತ್ರ. ಆದರೂ ಪದಕ ಯಾರ ಕೊರಳಿಗೆ ಬೀಳುತ್ತದೆ ಎಂಬುದನ್ನು ಎಷ್ಟೋ ಸಲ ತೀರ್ಮಾನಿಸುವುದು ಆ ಅರ್ಧ ಗೇಣೇ. ಹದಿಹರೆಯದಲ್ಲಿ, ದೇಹ ಬೆಳೆಯುತ್ತಿರುವಾಗ, ಒಂದು ವರ್ಷದ ಅಭ್ಯಾಸದಲ್ಲೇ ಕಣ್ಣಿಗೆ ಕಾಣುವಷ್ಟು ವೇಗ ಗಳಿಸುವ ಓಟಗಾರನು ಇಪ್ಪತ್ತು ದಾಟಿದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಾಗಿ ಮೂರು ನಾಲ್ಕು ವರ್ಷ ದುಡಿಯಬೇಕಾಗುತ್ತದೆ. ಈ ದೀರ್ಘ ದುಡಿಮೆ ದೇಹದಲ್ಲಿ ಏನನ್ನು ಬದಲಿಸುತ್ತದೆ, ಹತ್ತು ಸೆಕೆಂಡಿನ ಓಟದ ಯಾವ ಭಾಗದಲ್ಲಿ ಆ ಬದಲಾವಣೆ ಕಾಣಿಸಿಕೊಳ್ಳುತ್ತದೆ, ಒಬ್ಬ ಓಟಗಾರನ ಪ್ರಗತಿ ವರ್ಷಗಟ್ಟಲೆ ನಿಂತು ಮತ್ತೆ ಯಾಕೆ ಹೊರಡುತ್ತದೆ ಎಂಬ ಪ್ರಶ್ನೆಗಳಿಗೆ ಕಳೆದ ಕೆಲವು ದಶಕಗಳಲ್ಲಿ ಕ್ರೀಡಾವಿಜ್ಞಾನ ಸಾಕಷ್ಟು ಖಚಿತವಾದ ಉತ್ತರಗಳನ್ನು ಕಂಡುಕೊಂಡಿದೆ.

ಈ ಉತ್ತರಗಳನ್ನು ಅರಿಯಲು ಚೀನಾದ ಸು ಬಿಂಗ್‌ಟಿಯಾನ್ ಅವರ ಓಟದ ಬದುಕು ಒಳ್ಳೆಯ ಆಧಾರ. ಗುವಾಂಗ್‌ಡಾಂಗ್ ಪ್ರಾಂತ್ಯದ ಝೋಂಗ್‌ಶಾನ್‌ನಲ್ಲಿ 1989ರಲ್ಲಿ ಹುಟ್ಟಿದ ಅವರ ಎತ್ತರ ಸುಮಾರು 1.72 ಮೀಟರ್, ಆರೂವರೆ ಅಡಿಯ ಆಸುಪಾಸಿನ ಉಸೇನ್ ಬೋಲ್ಟ್ ಅವರ ಪಕ್ಕದಲ್ಲಿ ನಿಂತರೆ ಅವರು ಗದ್ದದ ಮಟ್ಟಕ್ಕೆ ಬರುವವರು. 2011ರಲ್ಲಿ 10.16 ಸೆಕೆಂಡಿನಲ್ಲಿ ಓಡಿ ತಮ್ಮ ದೇಶದ ದಾಖಲೆಯನ್ನು ಬರೆದ ಸು, 2021ರ ಆಗಸ್ಟ್ 1ರಂದು ಟೋಕಿಯೋ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ 9.83 ಸೆಕೆಂಡಿನಲ್ಲಿ ಗುರಿ ಮುಟ್ಟಿ ಏಷ್ಯಾದ ದಾಖಲೆಯನ್ನು ಸ್ಥಾಪಿಸಿದರು. ಆಗ ಅವರಿಗೆ ಮೂವತ್ತೆರಡು ತುಂಬಲು ಒಂದು ತಿಂಗಳಷ್ಟೇ ಬಾಕಿಯಿತ್ತು. ಈ ಎರಡು ಓಟಗಳ ನಡುವಿನ ಅಂತರ 0.33 ಸೆಕೆಂಡು, 2011ರ ಸು ಮತ್ತು 2021ರ ಸು ಒಂದೇ ಟ್ರ್ಯಾಕಿನಲ್ಲಿ ಓಡಿದ್ದರೆ, ಮೊದಲನೆಯವರು ಮೂರೂವರೆ ಮೀಟರಿಗೂ ಹೆಚ್ಚು ಹಿಂದೆ ಉಳಿಯುತ್ತಿದ್ದರು. ಆ ಮೂರೂವರೆ ಮೀಟರಿಗೆ ಹಿಡಿದದ್ದು ಹತ್ತು ವರ್ಷ.

ಹತ್ತು ವರ್ಷದ ಕೆಲಸ ಎಲ್ಲಿ ನಡೆಯುತ್ತದೆ ಎಂಬುದನ್ನು ತಿಳಿಯಲು ಮೊದಲು ಓಟವನ್ನೇ ಬಿಡಿಸಿ ನೋಡಬೇಕಾಗುತ್ತದೆ. ನೂರು ಮೀಟರ್ ಓಟವು ನೋಡುವವರಿಗೆ ಒಂದೇ ಉಸಿರಿನ ಧಾವಂತದಂತೆ ಕಂಡರೂ ಅದರೊಳಗೆ ಒಂದಕ್ಕೊಂದು ಭಿನ್ನವಾದ ನಾಲ್ಕು ಘಟ್ಟಗಳಿವೆ. ಬಂದೂಕಿನ ಸದ್ದು ಕಿವಿಗೆ ಬಿದ್ದ ಕ್ಷಣದಿಂದ ಪಾದವು ಸ್ಟಾರ್ಟಿಂಗ್ ಬ್ಲಾಕನ್ನು ಒತ್ತಲು ತೊಡಗುವ ತನಕದ ಪ್ರತಿಕ್ರಿಯೆಯ ಕಾಲ ಮೊದಲನೆಯದು. ನಿಂತಲ್ಲಿಂದ ವೇಗವನ್ನು ಏರಿಸುತ್ತ ಹೋಗುವ ವೇಗೋತ್ಕರ್ಷದ ಘಟ್ಟ ಎರಡನೆಯದು. ಗರಿಷ್ಠ ವೇಗವನ್ನು ಮುಟ್ಟಿ ಅದನ್ನು ಹಿಡಿದಿಟ್ಟುಕೊಳ್ಳುವುದು ಮೂರನೆಯದು. ಕೊನೆಯ ಭಾಗದಲ್ಲಿ ಅನಿವಾರ್ಯವಾಗಿ ವೇಗ ಇಳಿಯತೊಡಗುವುದು ನಾಲ್ಕನೆಯದು. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಬೋಲ್ಟ್ 9.58 ಸೆಕೆಂಡಿನ ವಿಶ್ವದಾಖಲೆಯನ್ನು ಬರೆದ ಓಟವನ್ನು ವಿಜ್ಞಾನಿಗಳು ಇಪ್ಪತ್ತು ಇಪ್ಪತ್ತು ಮೀಟರುಗಳ ತುಂಡುಗಳಾಗಿ ಅಳೆದಿದ್ದಾರೆ. ಅವರ ಪ್ರತಿಕ್ರಿಯೆಯ ಕಾಲ 0.146 ಸೆಕೆಂಡು, ಮೊದಲ ಇಪ್ಪತ್ತು ಮೀಟರಿಗೆ ಅದೂ ಸೇರಿ 2.89 ಸೆಕೆಂಡು ಹಿಡಿಯಿತು. ಅರವತ್ತರಿಂದ ಎಂಬತ್ತನೇ ಮೀಟರಿನ ವರೆಗಿನ ತುಂಡನ್ನು ಅವರು ಕೇವಲ 1.61 ಸೆಕೆಂಡಿನಲ್ಲಿ, ಅಂದರೆ ಗಂಟೆಗೆ ಸುಮಾರು 44.7 ಕಿಲೋಮೀಟರ್ ವೇಗದಲ್ಲಿ ದಾಟಿದರು. ಕೊನೆಯ ಇಪ್ಪತ್ತು ಮೀಟರಿಗೆ 1.66 ಸೆಕೆಂಡು ಬೇಕಾಯಿತು. ಜಗತ್ತಿನ ಅತಿವೇಗದ ಮನುಷ್ಯನೂ ಕೊನೆಯಲ್ಲಿ ನಿಧಾನವಾಗುತ್ತಾನೆ ಎಂಬುದು ಈ ಅಂಕಿಗಳಲ್ಲಿ ಸ್ಪಷ್ಟ. ಕೊನೆಯ ಹಂತದಲ್ಲಿ ಒಬ್ಬ ಓಟಗಾರ ಮುನ್ನುಗ್ಗಿ ಇತರರನ್ನು ಹಿಂದಿಕ್ಕಿದಂತೆ ಕಾಣುವಾಗ ವಾಸ್ತವದಲ್ಲಿ ನಡೆಯುವುದು ಬೇರೆ: ಇತರರ ವೇಗ ಆತನ ವೇಗಕ್ಕಿಂತ ಬೇಗ ಕುಸಿಯುತ್ತಿರುತ್ತದೆ.

ಪ್ರತಿಕ್ರಿಯೆಯ ಕಾಲದಲ್ಲಿ ಗಳಿಸುವುದಕ್ಕೆ ಹೆಚ್ಚೇನೂ ಇಲ್ಲ. ಸದ್ದಾದ 0.100 ಸೆಕೆಂಡಿನೊಳಗೆ ಬ್ಲಾಕಿನ ಮೇಲೆ ಒತ್ತಡ ಬಿದ್ದರೆ ಅದನ್ನು ತಪ್ಪು ಆರಂಭವೆಂದು ಪರಿಗಣಿಸಲಾಗುತ್ತದೆ, ಯಾಕೆಂದರೆ ಅಷ್ಟು ಬೇಗ ಪ್ರತಿಕ್ರಿಯಿಸಿದವನು ಸದ್ದನ್ನು ಕೇಳಿ ಹೊರಟವನಲ್ಲ, ಊಹಿಸಿ ಹೊರಟವನು ಎಂಬುದು ನಿಯಮದ ತರ್ಕ. ಉತ್ತಮ ಓಟಗಾರರೆಲ್ಲರ ಪ್ರತಿಕ್ರಿಯೆ 0.12ರಿಂದ 0.17 ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ, ಮತ್ತು ಎಷ್ಟೇ ವರ್ಷ ಅಭ್ಯಾಸ ಮಾಡಿದರೂ ಅದು ಹೆಚ್ಚು ಕದಲುವುದಿಲ್ಲ. ವರ್ಷಗಳ ಕೆಲಸ ನಡೆಯುವುದು ಉಳಿದ ಮೂರು ಘಟ್ಟಗಳಲ್ಲಿ, ಮತ್ತು ಮೂರಕ್ಕೂ ಮೂಲವಾದ ಒಂದೇ ಸಂಗತಿಯಲ್ಲಿ: ಪಾದವು ನೆಲವನ್ನು ಮುಟ್ಟಿರುವ ಅತ್ಯಲ್ಪ ಕಾಲದಲ್ಲಿ ನೆಲದ ಮೇಲೆ ಎಷ್ಟು ಬಲ ಬೀಳುತ್ತದೆ, ಮತ್ತು ಯಾವ ದಿಕ್ಕಿನಲ್ಲಿ ಬೀಳುತ್ತದೆ ಎಂಬುದರಲ್ಲಿ.

ವೇಗವಾಗಿ ಓಡುವವನು ಕಾಲುಗಳನ್ನು ಗಾಳಿಯಲ್ಲಿ ಬೇಗಬೇಗ ಬೀಸುತ್ತಾನೆ ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಪೀಟರ್ ವೇಯಾಂಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಈ ನಂಬಿಕೆಯನ್ನು ಅಲುಗಾಡಿಸಿತು. ತಮ್ಮ ತಮ್ಮ ಗರಿಷ್ಠ ವೇಗದಲ್ಲಿ ಓಡುವಾಗ ವೇಗದ ಓಟಗಾರನೂ ನಿಧಾನದ ಓಟಗಾರನೂ ಕಾಲನ್ನು ಹಿಂದಿನಿಂದ ಮುಂದಕ್ಕೆ ತರಲು ತೆಗೆದುಕೊಳ್ಳುವ ಸಮಯ ಹೆಚ್ಚುಕಡಿಮೆ ಒಂದೇ ಎಂದೂ, ಇಬ್ಬರ ನಡುವಿನ ಮುಖ್ಯ ವ್ಯತ್ಯಾಸವಿರುವುದು ಪ್ರತಿ ಹೆಜ್ಜೆಯಲ್ಲಿ ತಮ್ಮ ದೇಹದ ತೂಕಕ್ಕೆ ಹೋಲಿಸಿದಂತೆ ನೆಲಕ್ಕೆ ಎಷ್ಟು ಬಲ ಕೊಡುತ್ತಾರೆ ಎಂಬುದರಲ್ಲಿ ಎಂದೂ ಆ ಅಧ್ಯಯನ ತೋರಿಸಿತು. ಬ್ಲಾಕಿನಿಂದ ಹೊರಬಿದ್ದ ಮೊದಲ ಹೆಜ್ಜೆಗಳಲ್ಲಿ ಪಾದವು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ನೆಲದ ಮೇಲಿರುತ್ತದೆ; ಪೂರ್ಣ ವೇಗದಲ್ಲಿ ಆ ಅವಧಿ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಅಷ್ಟು ಸಣ್ಣ ಅವಕಾಶದಲ್ಲಿ ದೇಹದ ತೂಕದ ನಾಲ್ಕು ಪಟ್ಟಿಗೂ ಮೀರಿದ ಬಲವು ಒಂದು ಕಾಲಿನ ಮೂಲಕ ನೆಲಕ್ಕೆ ಹಾಯಬೇಕು. ವ್ಯಾಯಾಮಶಾಲೆಯಲ್ಲಿ ತನ್ನ ತೂಕದ ಎರಡು ಪಟ್ಟು ಭಾರ ಎತ್ತುವ ಬಲಶಾಲಿಯೊಬ್ಬ ಟ್ರ್ಯಾಕಿನ ಮೇಲೆ ನಿಧಾನವಾಗಿರುವುದಕ್ಕೆ ಕಾರಣ ಇಲ್ಲಿದೆ: ಅವನ ಬಲ ಪೂರ್ತಿ ಹೊರಬರಲು ಬೇಕಾದ ಕಾಲಾವಕಾಶವನ್ನು ಓಟ ಕೊಡುವುದೇ ಇಲ್ಲ.

ಬಲವನ್ನು ಬೇಗ ಹೊರಹಾಕುವ ಈ ಸಾಮರ್ಥ್ಯಕ್ಕೆ ದೇಹದ ಮೂರು ಅಂಗಗಳು ಹೊಣೆ. ಸ್ನಾಯುಗಳಲ್ಲಿ ಬೇಗ ಸಂಕೋಚಗೊಂಡು ಬೇಗ ದಣಿಯುವ ವೇಗದ ತಂತುಗಳೂ, ನಿಧಾನವಾಗಿ ಸಂಕೋಚಗೊಂಡು ಬಹಳ ಹೊತ್ತು ಬಾಳುವ ನಿಧಾನದ ತಂತುಗಳೂ ಇರುತ್ತವೆ. ಇವುಗಳ ಪ್ರಮಾಣವನ್ನು ಬಹುಮಟ್ಟಿಗೆ ಹುಟ್ಟು ನಿರ್ಧರಿಸುತ್ತದೆ, ಅಭ್ಯಾಸವು ವೇಗದ ತಂತುಗಳನ್ನು ದಪ್ಪವಾಗಿಸಬಲ್ಲದು. ಎರಡನೆಯದು ನರಮಂಡಲ. ಮೆದುಳು ಎಷ್ಟು ತಂತುಗುಂಪುಗಳನ್ನು ಒಂದೇ ಸಲಕ್ಕೆ, ಎಷ್ಟು ಬೇಗ ಕೆಲಸಕ್ಕೆ ಕರೆಯುತ್ತದೆ ಎಂಬುದು ತರಬೇತಿಯಿಂದ ಸುಧಾರಿಸುವ ಗುಣ. ಒಂದು ಸ್ನಾಯು ಎಳೆಯುವಾಗ ಅದಕ್ಕೆ ಎದುರಾದ ಸ್ನಾಯು ಸಡಿಲವಾಗಬೇಕಾದದ್ದೂ ಅಷ್ಟೇ ಮುಖ್ಯ. ನುರಿತ ಓಟಗಾರರ ಮುಖ ಎಂಬತ್ತನೇ ಮೀಟರಿನಲ್ಲೂ ಬಿಗಿಯದೆ, ಕೆನ್ನೆಗಳು ಕುಲುಕುತ್ತಿರುವುದು ದೂರದರ್ಶನದ ನಿಧಾನಗತಿಯ ಚಿತ್ರಗಳಲ್ಲಿ ಕಾಣುತ್ತದೆ. ಆ ಸಡಿಲತೆಯನ್ನು ಅವರು ವರ್ಷಗಟ್ಟಲೆ ಕಲಿತಿರುತ್ತಾರೆ. ಮೂರನೆಯದು ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು. ಹಿಮ್ಮಡಿಯ ಹಿಂದಿರುವ ದಪ್ಪ ರಜ್ಜುವು ಪಾದ ನೆಲಕ್ಕೆ ತಾಗಿದಾಗ ಹಿಗ್ಗಿ, ಶಕ್ತಿಯನ್ನು ಕ್ಷಣಕಾಲ ಹಿಡಿದಿಟ್ಟು, ಪಾದ ಮೇಲೇಳುವಾಗ ಮರಳಿಸುತ್ತದೆ. ರಜ್ಜು ಗಡುಸಾದಷ್ಟೂ ಈ ಕೊಡುಕೊಳ್ಳುವಿಕೆ ಬೇಗ ಮುಗಿಯುತ್ತದೆ. ಸ್ನಾಯು ವಾರಗಳಲ್ಲಿ ಬದಲಾದರೆ ರಜ್ಜು ಬದಲಾಗಲು ತಿಂಗಳುಗಳೂ ವರ್ಷಗಳೂ ಬೇಕು. ವೇಗದ ಓಟದಲ್ಲಿ ಅವಸರದ ಫಲ ಸಿಗದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಸು ಬಿಂಗ್‌ಟಿಯಾನ್ ಅವರ ಓಟದಲ್ಲಿ ಈ ತತ್ತ್ವಗಳು ಹೇಗೆ ಕೆಲಸ ಮಾಡಿದವು ಎಂಬುದನ್ನು ಈಗ ಗಮನಿಸಬಹುದು. 2013ರ ಹೊತ್ತಿಗೆ ಅವರ ಕಾಲ 10.06ಕ್ಕೆ ಇಳಿದಿತ್ತು; 2014ರ ಇಂಚನ್ ಏಷ್ಯನ್ ಕ್ರೀಡಾಕೂಟದಲ್ಲಿ ಅವರು 10.10 ಸೆಕೆಂಡಿನೊಂದಿಗೆ ಬೆಳ್ಳಿ ಗೆದ್ದರೆ, ಚಿನ್ನ ಗೆದ್ದ ಕತಾರ್‌ನ ಫೆಮಿ ಒಗುನೋಡೆ 9.93 ಸೆಕೆಂಡಿನಲ್ಲಿ ಓಡಿದ್ದರು. ಇನ್ನೊಬ್ಬರು ಕಣ್ಣೆದುರೇ ಒಂದೂಮುಕ್ಕಾಲು ಮೀಟರ್ ಮುಂದೆ ಸಾಗಿದ ಆ ಋತುವಿನ ಬಳಿಕ ಸು ಒಂದು ಅಪಾಯಕಾರಿ ತೀರ್ಮಾನ ತೆಗೆದುಕೊಂಡರು: ಬ್ಲಾಕಿನಲ್ಲಿ ಮುಂದಿಡುವ ಕಾಲನ್ನೇ ಬದಲಿಸಿದರು.

ಇದರ ಗಂಭೀರತೆ ಅರ್ಥವಾಗಲು ಬ್ಲಾಕಿನೊಳಗೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಓಟಗಾರನು ಹೆಬ್ಬೆರಳು ಮತ್ತು ಉಳಿದ ಬೆರಳುಗಳನ್ನು ಕಮಾನಿನಂತೆ ಗೆರೆಯ ಹಿಂದೆ ಊರಿ, ಒಂದು ಮಂಡಿಯನ್ನು ನೆಲಕ್ಕೆ ತಾಗಿಸಿ ಕೂರುತ್ತಾನೆ. ‘ಸೆಟ್’ ಎಂಬ ಆದೇಶ ಬಂದಾಗ ಸೊಂಟವು ಭುಜಕ್ಕಿಂತ ತುಸು ಮೇಲೇಳುತ್ತದೆ, ಮುಂದಿನ ಕಾಲಿನ ಮಂಡಿ ಸುಮಾರು ಸಮಕೋನದಲ್ಲಿ ಬಾಗಿರುತ್ತದೆ, ಹಿಂದಿನ ಕಾಲು ಅದಕ್ಕಿಂತ ಹೆಚ್ಚು ಚಾಚಿರುತ್ತದೆ. ಸದ್ದಾದೊಡನೆ ಎರಡೂ ಕಾಲುಗಳು ಒತ್ತುತ್ತವೆ. ಹಿಂದಿನ ಕಾಲು ಮೊದಲು ಬ್ಲಾಕನ್ನು ಬಿಟ್ಟು ಮುಂದೆ ಬಂದು ಮೊದಲ ಹೆಜ್ಜೆಯಾಗುತ್ತದೆ, ಮುಂದಿನ ಕಾಲು ಇನ್ನೂ ಸ್ವಲ್ಪ ಹೊತ್ತು ಒತ್ತುತ್ತಲೇ ಇದ್ದು ದೇಹಕ್ಕೆ ಮುನ್ನುಗ್ಗುವ ವೇಗದ ದೊಡ್ಡ ಪಾಲನ್ನು ಕೊಡುತ್ತದೆ. ಮುಂದಿನ ಕಾಲು ಬದಲಾಯಿತೆಂದರೆ ಯಾವ ಕಾಲು ಬಲ ಕೊಡಬೇಕು, ಯಾವುದು ಮೊದಲು ನೆಲ ಮುಟ್ಟಬೇಕು, ಯಾವ ಕೈ ಮೊದಲು ಬೀಸಬೇಕು ಎಂಬುದೆಲ್ಲ ತಿರುವುಮುರುವಾಗುತ್ತದೆ. ಹತ್ತು ವರ್ಷಗಳಿಂದ ಯೋಚಿಸದೆಯೇ ಮಾಡುತ್ತಿದ್ದ ಚಲನೆಯನ್ನು ಬಿಟ್ಟು, ಅದರ ಪ್ರತಿಬಿಂಬವನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಅಂಥ ಬದಲಾವಣೆಯ ಮೊದಲ ತಿಂಗಳುಗಳಲ್ಲಿ ಕಾಲ ಕೆಡುವುದೇ ಸಹಜ. ದೇಶದ ಅಗ್ರ ಓಟಗಾರನೊಬ್ಬ, ಇಪ್ಪತ್ತೈದನೇ ವಯಸ್ಸಿನಲ್ಲಿ, ಕೈಯಲ್ಲಿದ್ದ ವೇಗವನ್ನೇ ಪಣಕ್ಕಿಟ್ಟು ಹೀಗೆ ಮಾಡಿದ್ದು ಅವರ ಓಟದ ಬದುಕಿನ ಅತಿ ದೊಡ್ಡ ಧೈರ್ಯವೆಂದೇ ಹೇಳಬೇಕು. ಫಲ ಬಂದದ್ದು 2015ರ ಮೇ 30ರಂದು: ಅಮೆರಿಕದ ಯುಜೀನ್‌ನಲ್ಲಿ ಅವರು 9.99 ಸೆಕೆಂಡಿನಲ್ಲಿ ಓಡಿ, ಏಷ್ಯಾದಲ್ಲಿ ಹುಟ್ಟಿದವರ ಪೈಕಿ ಹತ್ತು ಸೆಕೆಂಡಿನೊಳಗೆ ಬಂದ ಮೊದಲಿಗರಾದರು.

ಅಲ್ಲಿಂದ ಮುಂದಿನ ಎರಡು ವರ್ಷ ಅವರ ಕಾಲ ಇಳಿಯಲಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಲಾಗಲಿಲ್ಲ. 2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ಎಂಟನೆಯವರಾದರು. ಇಪ್ಪತ್ತೆಂಟನೇ ವಯಸ್ಸಿನ ಓಟಗಾರನ ಬಗ್ಗೆ ಇನ್ನು ಮುಗಿಯಿತು ಎಂಬ ಮಾತು ಕೇಳಿಬರುವುದು ಇಂಥ ಹೊತ್ತಿನಲ್ಲೇ. ಆ ವರ್ಷದ ಕೊನೆಯಿಂದ ಅವರು ಅಮೆರಿಕದ ರ್‍ಯಾಂಡಿ ಹಂಟಿಂಗ್‌ಟನ್ ಅವರ ಬಳಿ ತರಬೇತಿ ಪಡೆಯತೊಡಗಿದರು. ಹಂಟಿಂಗ್‌ಟನ್ ಅವರು 1991ರಲ್ಲಿ 8.95 ಮೀಟರ್ ಉದ್ದಜಿಗಿತದ ವಿಶ್ವದಾಖಲೆ ಬರೆದ ಮೈಕ್ ಪೊವೆಲ್ ಅವರ ತರಬೇತುದಾರರಾಗಿದ್ದವರು. ಉದ್ದಜಿಗಿತದ ಕೋಚ್ ಓಟಗಾರನಿಗೆ ಏನು ಕಲಿಸಿಯಾರು ಎಂಬ ಪ್ರಶ್ನೆಗೆ ಉತ್ತರ ಹಿಂದೆಯೇ ಬಂದಿದೆ: ಅತಿ ಕಡಿಮೆ ಕಾಲದಲ್ಲಿ ನೆಲಕ್ಕೆ ಅತಿ ಹೆಚ್ಚು ಬಲ ಕೊಡುವುದೇ ಎರಡೂ ಕ್ರೀಡೆಗಳ ಜೀವಾಳ. ಪ್ರತಿ ಹೆಜ್ಜೆಯ ಬಲವನ್ನೂ ಅವಧಿಯನ್ನೂ ಉಪಕರಣಗಳಿಂದ ಅಳೆಯುತ್ತ, ಅಳತೆಗೆ ತಕ್ಕಂತೆ ಎಳೆತದ ಭಾರವನ್ನು ಏರಿಳಿಸುತ್ತ ಸಾಗಿದ ಆ ಅಭ್ಯಾಸದ ನಂತರ, 2018ರ ಮಾರ್ಚ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸು 60 ಮೀಟರನ್ನು 6.42 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದರು. ಅದೇ ಜೂನ್‌ನಲ್ಲಿ ಮ್ಯಾಡ್ರಿಡ್‌ನಲ್ಲೂ ಪ್ಯಾರಿಸ್‌ನಲ್ಲೂ ನೂರು ಮೀಟರನ್ನು 9.91 ಸೆಕೆಂಡಿನಲ್ಲಿ ಓಡಿದರು. ಮರುವರ್ಷ ಗಾಯ ಅವರನ್ನು ಮತ್ತೆ ಹಿಂದಕ್ಕೆ ತಳ್ಳಿತು.

ಟೋಕಿಯೋದ 9.83ರಲ್ಲಿ ಮೊದಲ ಅರವತ್ತು ಮೀಟರುಗಳನ್ನು ಅವರು 6.3 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸಿದ್ದರು. ಬರ್ಲಿನ್‌ನಲ್ಲಿ ಬೋಲ್ಟ್ ಅಷ್ಟೇ ದೂರಕ್ಕೆ ತೆಗೆದುಕೊಂಡದ್ದು 6.31. ಅಂದರೆ ಅರವತ್ತನೇ ಮೀಟರಿನ ತನಕ ಈ ಪುಟ್ಟ ಓಟಗಾರ ವಿಶ್ವದಾಖಲೆಯ ಓಟಕ್ಕೆ ಸರಿಸಮನಾಗಿದ್ದರು. ಉಳಿದ ನಲವತ್ತು ಮೀಟರಿಗೆ ಬೋಲ್ಟ್ ಅವರಿಗೆ 3.27 ಸೆಕೆಂಡು ಸಾಕಾದರೆ ಸು ಅವರಿಗೆ ಸುಮಾರು 3.53 ಬೇಕಾಯಿತು. ನೀಳ ಕಾಲಿನ ಬೋಲ್ಟ್ ಇಡೀ ನೂರು ಮೀಟರನ್ನು ಸುಮಾರು 41 ಹೆಜ್ಜೆಗಳಲ್ಲಿ ದಾಟುತ್ತಾರೆ. ಗಿಡ್ಡ ಕಾಲಿನವರು ಅದೇ ದೂರಕ್ಕೆ ಹೆಚ್ಚು ಹೆಜ್ಜೆ ಹಾಕಬೇಕಾದ್ದರಿಂದ ಗರಿಷ್ಠ ವೇಗದ ಘಟ್ಟದಲ್ಲಿ ಅವರಿಗೆ ನಷ್ಟ, ಬಾಗಿದ ದೇಹವನ್ನು ಬೇಗ ಚಿಮ್ಮಿಸಬೇಕಾದ ಆರಂಭದಲ್ಲಿ ಲಾಭ. ಹತ್ತು ವರ್ಷಗಳಲ್ಲಿ ಸು ಮಾಡಿದ್ದು ತಮ್ಮ ದೇಹಕ್ಕೆ ಒಗ್ಗುವ ಘಟ್ಟವನ್ನು ಕೊನೆಯ ಅಂಚಿನ ತನಕ ಒರೆಗೆ ಹಚ್ಚಿದ್ದು. ಅದೇ ಸಂಜೆಯ ಫೈನಲ್‌ನಲ್ಲಿ ಅವರು 9.98 ಸೆಕೆಂಡಿನೊಂದಿಗೆ ಆರನೆಯವರಾದರು. ಒಂದೇ ದಿನದಲ್ಲಿ ಎರಡು ಸಲ ದೇಹವನ್ನು ಆ ಅಂಚಿಗೆ ಒಯ್ಯುವುದು ಎಷ್ಟು ಕಷ್ಟವೆಂಬುದಕ್ಕೆ ಆ ಎರಡು ಅಂಕಿಗಳೇ ಸಾಕ್ಷಿ. ಸೆಮಿಫೈನಲ್‌ನಲ್ಲಿ ಅವರ ಹಿಂದೆ ಮೂರನೆಯವರಾಗಿ ಬಂದ ಇಟಲಿಯ ಮಾರ್ಸೆಲ್ ಜೇಕಬ್ಸ್ ಫೈನಲ್‌ನಲ್ಲಿ 9.80 ಸೆಕೆಂಡಿನಲ್ಲಿ ಚಿನ್ನ ಗೆದ್ದರು.

ಇಂಥ ಅಭ್ಯಾಸದ ದಿನಚರಿಯನ್ನು ಹೊರಗಿನಿಂದ ನೋಡಿದವರಿಗೆ ಅದು ಸೋಮಾರಿತನದಂತೆ ಕಂಡರೆ ಆಶ್ಚರ್ಯವಿಲ್ಲ. ಪೂರ್ಣ ವೇಗದ ದಿನದಂದು ಓಟಗಾರನು ಮುಕ್ಕಾಲು ಗಂಟೆ ಮೈ ಬಿಸಿಮಾಡಿಕೊಂಡು, ಬ್ಲಾಕಿನಿಂದ ಮೂವತ್ತು ಮೀಟರ್ ಓಡಿ, ಮೂರು ನಾಲ್ಕು ನಿಮಿಷ ನಡೆದಾಡಿ, ಮತ್ತೆ ಓಡುತ್ತಾನೆ; ಓಡಿದ ಪ್ರತಿ ಹತ್ತು ಮೀಟರಿಗೆ ಒಂದು ನಿಮಿಷ ವಿಶ್ರಾಂತಿ ಎಂಬುದು ಕೋಚುಗಳಲ್ಲಿ ಬಳಕೆಯಲ್ಲಿರುವ ಸ್ಥೂಲ ಲೆಕ್ಕ. ಇಡೀ ದಿನದ ಪೂರ್ಣ ವೇಗದ ಓಟವೆಲ್ಲ ಸೇರಿ ಮುನ್ನೂರು ನಾನ್ನೂರು ಮೀಟರ್ ದಾಟದಿರುವುದೇ ಹೆಚ್ಚು. ಇದಕ್ಕೆ ಕಾರಣ ಶಕ್ತಿಯ ಮೂಲದಲ್ಲಿದೆ. ಸ್ನಾಯುಗಳಲ್ಲಿ ಕೂಡಲೇ ಬಳಕೆಗೆ ಸಿಗುವ ಎಟಿಪಿ ಎಂಬ ರಾಸಾಯನಿಕ ಒಂದೆರಡು ಸೆಕೆಂಡಿಗೆ ಸಾಲುವಷ್ಟೇ ಇರುತ್ತದೆ. ಅದನ್ನು ಮರುತುಂಬುವ ಕ್ರಿಯೇಟಿನ್ ಫಾಸ್ಫೇಟ್ ಇನ್ನು ಕೆಲವು ಸೆಕೆಂಡು ಬಾಳುತ್ತದೆ. ಎರಡೂ ಬರಿದಾದ ಮೇಲೆ ಪೂರ್ಣ ವೇಗ ಅಸಾಧ್ಯ, ಮತ್ತು ಅವು ಮತ್ತೆ ತುಂಬಿಕೊಳ್ಳಲು ಹಲವು ನಿಮಿಷ ಬೇಕು. ದಣಿದ ದೇಹದಲ್ಲಿ ಓಡಿಸಿದರೆ ಓಟಗಾರನು ಕಲಿಯುವುದು ನಿಧಾನವಾಗಿ ಓಡುವುದನ್ನೇ. ನರಮಂಡಲದ ದಣಿವು ಇನ್ನೂ ಆಳವಾದದ್ದಾಗಿರುವುದರಿಂದ ಇಂಥ ಎರಡು ದಿನಗಳ ನಡುವೆ ಎರಡು ದಿನದ ಅಂತರ ಬಿಡುವುದು ರೂಢಿ. ಬಿಡುವಿನ ದಿನಗಳಲ್ಲಿ ಹಗುರ ಓಟ, ಹೊಟ್ಟೆ ಬೆನ್ನಿನ ಸ್ನಾಯುಗಳ ವ್ಯಾಯಾಮ, ಹೆಜ್ಜೆಯ ಲಯ ತಿದ್ದುವ ಡ್ರಿಲ್‌ಗಳು ನಡೆಯುತ್ತವೆ. ದಿಬ್ಬದ ಮೇಲಿನ ಓಟ, ಭಾರ ಕಟ್ಟಿದ ಜಾರುಬಂಡಿಯನ್ನು ಎಳೆಯುವುದು, ಪೆಟ್ಟಿಗೆಯ ಮೇಲಿಂದ ಧುಮುಕಿ ನೆಲ ಮುಟ್ಟಿದೊಡನೆ ಮೇಲಕ್ಕೆ ಜಿಗಿಯುವುದು, ಬಾರ್ಬೆಲ್ ಎತ್ತುವುದು ಇವೆಲ್ಲ ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬರುತ್ತವೆ: ಸ್ಪರ್ಧೆ ದೂರವಿರುವಾಗ ಭಾರ ಹೆಚ್ಚು, ಹತ್ತಿರವಾದಂತೆ ಭಾರ ಕಡಿಮೆಯಾಗಿ ವೇಗ ಹೆಚ್ಚು.

ವರ್ಷಗಳ ಉದ್ದಕ್ಕೂ ಪ್ರಗತಿಯ ರೇಖೆ ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. ಬೋಲ್ಟ್ ಹದಿನೈದನೇ ವಯಸ್ಸಿಗೇ ಕಿಂಗ್‌ಸ್ಟನ್‌ನಲ್ಲಿ ಕಿರಿಯರ ವಿಶ್ವ ಚಾಂಪಿಯನ್ ಆಗಿ, ಹದಿನೇಳರಲ್ಲಿ 200 ಮೀಟರನ್ನು 19.93 ಸೆಕೆಂಡಿನಲ್ಲಿ ಓಡಿದವರು. ಆದರೂ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಬೆನ್ನುಮೂಳೆ ಹುಟ್ಟಿನಿಂದಲೇ ಪಕ್ಕಕ್ಕೆ ಬಾಗಿದ್ದು ಪದೇ ಪದೇ ಗಾಯಕ್ಕೆ ದಾರಿಯಾಗುತ್ತಿತ್ತು. ಆ ಬಳಿಕ ಗ್ಲೆನ್ ಮಿಲ್ಸ್ ಅವರ ಕೈಕೆಳಗೆ ಬೆನ್ನು ಮತ್ತು ಸೊಂಟದ ಸ್ನಾಯುಗಳನ್ನು ವರ್ಷಗಟ್ಟಲೆ ಬಲಪಡಿಸಿಕೊಂಡ ಮೇಲೆಯೇ 2007ರ 10.03ರಿಂದ 2008ರ 9.69ಕ್ಕೂ, ಮರುವರ್ಷ 9.58ಕ್ಕೂ ಅವರು ಜಿಗಿದದ್ದು. ಇಪ್ಪತ್ಮೂರು ತುಂಬುವ ಮುನ್ನ ಮುಟ್ಟಿದ ಆ ಎತ್ತರವನ್ನು ಉಳಿದ ಎಂಟು ವರ್ಷಗಳಲ್ಲಿ ಅವರೂ ಮತ್ತೆ ಮುಟ್ಟಲಿಲ್ಲ.

ಅವರದೇ ನಾಡಿನ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್ ಅವರ ರೇಖೆ ಇದಕ್ಕೆ ತದ್ವಿರುದ್ಧ. 2008ರ ಬೀಜಿಂಗ್‌ನಲ್ಲಿ 10.78 ಸೆಕೆಂಡಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅವರು 2012ರಲ್ಲಿ 10.70ಕ್ಕೆ ಬಂದು ಅಲ್ಲೇ ನಿಂತರು. 2017ರ ಆಗಸ್ಟ್‌ನಲ್ಲಿ ಮಗ ಹುಟ್ಟಿದ. ಎರಡು ವರ್ಷಗಳ ಬಳಿಕ ದೋಹಾದಲ್ಲಿ 10.71 ಸೆಕೆಂಡಿನಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು; 2021ರ ಜೂನ್‌ನಲ್ಲಿ 10.63, ಅದೇ ಆಗಸ್ಟ್‌ನಲ್ಲಿ ಲೊಸಾನ್‌ನಲ್ಲಿ 10.60. ಒಂಬತ್ತು ವರ್ಷ ಅಲುಗಾಡದ ಸ್ವಂತ ದಾಖಲೆಯನ್ನು ಮೂವತ್ತನಾಲ್ಕನೇ ವಯಸ್ಸಿನಲ್ಲಿ, ತಾಯಿಯಾದ ಮೇಲೆ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಇಳಿಸಿದ್ದು ವೇಗದ ಓಟದ ಇತಿಹಾಸದಲ್ಲೇ ಅಪರೂಪದ ಸಾಧನೆ. ಸೇಂಟ್ ಕಿಟ್ಸ್ ದ್ವೀಪದ ಕಿಮ್ ಕಾಲಿನ್ಸ್ 2002ರಲ್ಲಿ 9.98 ಓಡಿ, 2016ರಲ್ಲಿ ನಲವತ್ತು ತುಂಬಿದ ಮೇಲೆ ಜರ್ಮನಿಯ ಬಾಟ್ರಾಪ್‌ನಲ್ಲಿ 9.93 ಓಡಿದರು: ಹದಿನಾಲ್ಕು ವರ್ಷಕ್ಕೆ 0.05 ಸೆಕೆಂಡು. ಈ ಉದಾಹರಣೆಗಳನ್ನು ನಿಯಮವೆಂದು ತಿಳಿಯಬಾರದು. ಬಹುಪಾಲು ಓಟಗಾರರ ಉತ್ತಮ ಕಾಲ ಇಪ್ಪತ್ತರ ದಶಕದ ನಡುವಿನಲ್ಲೇ ಬಂದುಹೋಗುತ್ತದೆ.

ಪ್ರಗತಿಗೆ ಅಡ್ಡ ಬರುವ ಅತಿ ಸಾಮಾನ್ಯ ತೊಡಕು ಹ್ಯಾಮ್‌ಸ್ಟ್ರಿಂಗ್ ಎಂದು ಕರೆಯುವ, ತೊಡೆಯ ಹಿಂಭಾಗದ ಸ್ನಾಯುವಿನ ಗಾಯ. ಮುಂದಕ್ಕೆ ಬೀಸಿದ ಕಾಲನ್ನು ನೆಲ ಮುಟ್ಟುವ ಮುನ್ನ ತಡೆದು ಹಿಂದಕ್ಕೆ ಎಳೆಯುವ ಕ್ಷಣದಲ್ಲಿ ಆ ಸ್ನಾಯು ಹಿಗ್ಗುತ್ತಲೇ ಬಲ ಕೊಡಬೇಕಾಗುತ್ತದೆ. ವೇಗ ಹೆಚ್ಚಿದಷ್ಟೂ ಅದರ ಮೇಲಿನ ಹೊರೆ ಏರುತ್ತದೆ. ವೇಗ ಗಳಿಸಿದವನೇ ಹೆಚ್ಚು ಅಪಾಯದಲ್ಲಿರುತ್ತಾನೆ ಎಂಬುದು ಈ ಕ್ರೀಡೆಯ ಕಠೋರ ಸತ್ಯ. ಒಮ್ಮೆ ಹರಿದ ಸ್ನಾಯು ಮತ್ತೆ ಹರಿಯುವ ಸಂಭವ ಹೆಚ್ಚಾಗಿರುವುದರಿಂದ, ಗಾಯವಿಲ್ಲದೆ ಸತತವಾಗಿ ಮೂರು ನಾಲ್ಕು ಋತುಗಳನ್ನು ದಾಟಿಸುವ ಕೋಚೇ ಒಳ್ಳೆಯ ಕೋಚ್.

ಅಕ್ರಮದ ದಾರಿಯನ್ನೂ ಇಲ್ಲಿ ಹೆಸರಿಸದೆ ಬಿಡುವಂತಿಲ್ಲ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ 9.79 ಸೆಕೆಂಡಿನಲ್ಲಿ ಗೆದ್ದ ಕೆನಡಾದ ಬೆನ್ ಜಾನ್ಸನ್ ಅವರ ಚಿನ್ನವನ್ನು ಸ್ಟಾನೊಜೊಲೋಲ್ ಎಂಬ ಸ್ಟೀರಾಯ್ಡ್ ಪತ್ತೆಯಾದ ಕಾರಣ ಕಿತ್ತುಕೊಳ್ಳಲಾಯಿತು. ಅಂದಿನಿಂದ ಯಾವುದೇ ಓಟಗಾರನ ಹಠಾತ್ ಸುಧಾರಣೆಯನ್ನು ಜನ ಸಂಶಯದಿಂದ ನೋಡುವಂತಾಗಿರುವುದು ಪ್ರಾಮಾಣಿಕವಾಗಿ ದುಡಿಯುವವರಿಗೆ ಆದ ದೊಡ್ಡ ಅನ್ಯಾಯ.

ಗಡಿಯಾರದ ಅಂಕಿ ಕಡಿಮೆಯಾದ ಮಾತ್ರಕ್ಕೆ ಓಟಗಾರ ಸುಧಾರಿಸಿದನೆಂದು ಹೇಳಲಾಗದು ಎಂಬ ಎಚ್ಚರವೂ ಬೇಕು. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರಿಗಿಂತ ಹೆಚ್ಚಿದ್ದರೆ ಆ ಕಾಲ ದಾಖಲೆಗೆ ಸಲ್ಲುವುದಿಲ್ಲ. ಆ ಮಿತಿಯ ಗಾಳಿಯೂ ಸುಮಾರು ಹತ್ತನೇ ಒಂದು ಸೆಕೆಂಡಿನ ನೆರವು ಕೊಡುತ್ತದೆ. 1968ರಲ್ಲಿ ಜಿಮ್ ಹೈನ್ಸ್ 9.95 ಓಡಿದ ಮೆಕ್ಸಿಕೋ ನಗರ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ತೆಳು ಗಾಳಿ ಕಡಿಮೆ ಅಡ್ಡಿಮಾಡುತ್ತದೆ. ಆ ದಾಖಲೆ 1983ರ ತನಕ ಉಳಿಯಿತು. ಸಂಶ್ಲೇಷಿತ ಟ್ರ್ಯಾಕ್ ಒಲಿಂಪಿಕ್ಸ್‌ಗೆ ಬಂದದ್ದೂ ಮೆಕ್ಸಿಕೋದಲ್ಲೇ. ಅದಕ್ಕೆ ನಾಲ್ಕು ವರ್ಷ ಹಿಂದೆ, 1964ರ ಟೋಕಿಯೋದಲ್ಲಿ, ಕೋಲಾರದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಕೆನೆತ್ ಪೊವೆಲ್ ಭಾರತದ ಪರವಾಗಿ ಓಡಿದ್ದು ಕೆಂಡಬೂದಿ ಹಾಸಿದ ಟ್ರ್ಯಾಕಿನ ಮೇಲೆ. ಕೈಗಡಿಯಾರದಿಂದ ಅಳೆದ ಕಾಲಕ್ಕೂ ವಿದ್ಯುನ್ಮಾನ ಕಾಲಕ್ಕೂ ನಡುವೆ 0.24 ಸೆಕೆಂಡಿನ ವ್ಯತ್ಯಾಸವನ್ನು ರೂಢಿಯಲ್ಲಿ ಲೆಕ್ಕ ಹಾಕುತ್ತಾರೆ. ಶಾಲಾ ಮೈದಾನದಲ್ಲಿ ಸ್ಟಾಪ್‌ವಾಚ್ ತೋರಿಸಿದ ಅಂಕಿಯನ್ನು ನಂಬಿ ಹಿಗ್ಗಿದ ಹುಡುಗರು ರಾಜ್ಯಮಟ್ಟಕ್ಕೆ ಬಂದಾಗ ಕುಗ್ಗುವುದಕ್ಕೆ ಇದೇ ಕಾರಣ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಅದನ್ನು ನೂರು ಮೀಟರಿಗೆ ಭಾಗಿಸಿ ಬೋಲ್ಟ್ ಅವರ ದಾಖಲೆಯೊಂದಿಗೆ ಹೋಲಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಕೆಸರುಗದ್ದೆಯಲ್ಲಿ ಕೋಣಗಳ ಜೋಡಿಯನ್ನು ಹಿಡಿದು ಓಡುವುದು ತನ್ನದೇ ಆದ ಕಠಿಣ ಕೌಶಲ; ಆದರೆ ಅಲ್ಲಿ ಕೋಣಗಳ ಎಳೆತ ಓಟಗಾರನನ್ನು ಮುಂದಕ್ಕೆ ಒಯ್ಯುತ್ತದೆ, ಟ್ರ್ಯಾಕಿನ ಓಟಗಾರ ನಿಶ್ಚಲ ಸ್ಥಿತಿಯಿಂದ ತನ್ನ ಕಾಲಬಲವೊಂದರಿಂದಲೇ ವೇಗ ಕಟ್ಟಿಕೊಳ್ಳಬೇಕು. ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷೆಯ ಆಹ್ವಾನಕ್ಕೆ ಗೌಡರು ಒಪ್ಪದಿದ್ದದ್ದು ಈ ವ್ಯತ್ಯಾಸವನ್ನು ಬಲ್ಲವರ ವಿವೇಕ.

ಭಾರತದ ಪುರುಷರ ನೂರು ಮೀಟರ್ ದಾಖಲೆಯ ಇತ್ತೀಚಿನ ಚರಿತ್ರೆಯೂ ವರ್ಷಗಳ ಕಥೆಯೇ. 2005ರಲ್ಲಿ ಅನಿಲ್ ಕುಮಾರ್ ಓಡಿದ 10.30 ಹನ್ನೊಂದು ವರ್ಷಗಳ ಬಳಿಕ ಅಮಿಯ ಮಲ್ಲಿಕ್ ಅವರಿಂದ 10.26ಕ್ಕೆ ಇಳಿಯಿತು, 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ, ಸರ್ವಿಸಸ್ ತಂಡಕ್ಕೆ ಓಡುತ್ತಿದ್ದ ಕರ್ನಾಟಕದ ಮಣಿಕಂಠ ಹೋಬಳಿದಾರ್ ಅದನ್ನು 10.23ಕ್ಕೆ ತಂದರು. ಹದಿನೆಂಟು ವರ್ಷಕ್ಕೆ ಏಳು ನೂರನೇ ಭಾಗ. ಆಮೇಲೆ ವೇಗ ಹೆಚ್ಚಿತು. 2025ರ ಮಾರ್ಚ್ 28ರಂದು ಬೆಂಗಳೂರಿನಲ್ಲೇ ಪಂಜಾಬಿನ ಗುರಿಂದರ್‌ವೀರ್ ಸಿಂಗ್ 10.20 ಓಡಿದರು, ಅದೇ ಜುಲೈನಲ್ಲಿ ಗ್ರೀಸ್‌ನ ವಾರಿಯಲ್ಲಿ, ಫುಟ್‌ಬಾಲ್ ಆಡುತ್ತ ಬೆಳೆದು ತಡವಾಗಿ ಟ್ರ್ಯಾಕಿಗೆ ಬಂದ ಛತ್ತೀಸಗಢ ಮೂಲದ ಅನಿಮೇಶ್ ಕುಜೂರ್ 10.18 ಓಡಿದರು. ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್‌ಗೆ ನೇರ ಪ್ರವೇಶದ ಮಟ್ಟ 10.00 ಆಗಿತ್ತು. ಉಳಿದ 0.18 ಸೆಕೆಂಡನ್ನು ಒಂದೆರಡು ಋತುಗಳಲ್ಲಿ ನಿರೀಕ್ಷಿಸುವುದು ಓಟಗಾರರ ಮೇಲೆ ಹೊರಿಸುವ ಅನುಚಿತ ಭಾರ, 10.16ರಿಂದ 9.99ಕ್ಕೆ ಬರಲು ಸು ಅವರಿಗೂ ನಾಲ್ಕು ವರ್ಷ ಬೇಕಾಗಿತ್ತು. ಅದಕ್ಕಿಂತ ಗಮನಿಸಬೇಕಾದದ್ದು ಬೆಂಗಳೂರಿನ ಆ ಮಾರ್ಚ್ ಓಟದ ಎರಡನೇ ಸ್ಥಾನ. ಗುರಿಂದರ್‌ವೀರ್ ಅವರ ಹಿಂದೆಯೇ ಬಂದ ಮಣಿಕಂಠ ಅಂದು ಓಡಿದ್ದು 10.22, ತಮ್ಮದೇ ಹಳೆಯ ರಾಷ್ಟ್ರೀಯ ದಾಖಲೆಗಿಂತ ವೇಗವಾಗಿ. ದಾಖಲೆಯ ಪಟ್ಟಿಯಲ್ಲಿ ಆ 10.22 ಸೇರುವುದಿಲ್ಲ, ಆದರೆ ಒಂದೇ ಓಟದಲ್ಲಿ ಇಬ್ಬರು ಹಿಂದಿನ ದಾಖಲೆಯನ್ನು ಮೀರಿದ್ದು ಭಾರತದ ಟ್ರ್ಯಾಕುಗಳಲ್ಲಿ ಬಹುಕಾಲ ಇಲ್ಲದಿದ್ದ ಪೈಪೋಟಿ ಈಗ ಹುಟ್ಟಿಕೊಂಡಿರುವುದನ್ನು ತೋರಿಸುತ್ತದೆ.